ಬೀಗ ಹಾಕಿದ ಮನೆಯಲ್ಲಿ ಕುಕ್ಕರ್ ಕೂಗಿದರೆ: ತರಗತಿಗಾಗಿ ಥ್ರಿಲ್ಲರ್ ಆರಂಭವನ್ನು ಚಿತ್ರೀಕರಿಸುವ ಕ್ರಮ

ಪತ್ರಿಕೋದ್ಯಮ, ದೃಶ್ಯ ಸಂವಹನದಂತಹ ವಿಷಯಗಳನ್ನು ಓದುವ ವಿದ್ಯಾರ್ಥಿಗಳಿಗೆ ತರಗತಿಯಲ್ಲಿ ಕೊಡುವ ಅಭ್ಯಾಸಗಳಲ್ಲಿ ಒಂದು, ಥ್ರಿಲ್ಲರ್ ಚಿತ್ರವೊಂದರ ಮೊದಲ ಎರಡು ನಿಮಿಷಗಳನ್ನು ಮಾತ್ರ ಚಿತ್ರೀಕರಿಸಿ, ಸಂಕಲಿಸಿ ಒಪ್ಪಿಸುವುದು. ಇಡೀ ಕಿರುಚಿತ್ರ ಮಾಡುವುದಕ್ಕಿಂತ ಇದು ಹಗುರವಾದ ಕೆಲಸವೆಂದು ಮೊದಲಿಗೆ ಅನ್ನಿಸುತ್ತದೆ. ಆದರೆ ಕಥೆಯನ್ನು ಮುಗಿಸುವ ಅವಕಾಶವೇ ಇಲ್ಲದೆ, ಮುಂದೇನಾಯಿತು ಎಂಬ ತವಕವನ್ನು ನೋಡುಗರಲ್ಲಿ ಹುಟ್ಟಿಸಿ ಅಲ್ಲಿಗೇ ನಿಲ್ಲಿಸಬೇಕಾದ್ದರಿಂದ, ಪ್ರತಿ ಶಾಟ್ ಏಕೆ ಇದೆ ಎಂಬುದಕ್ಕೆ ಇಲ್ಲಿ ಉತ್ತರ ಬೇಕಾಗುತ್ತದೆ. ಹೆಚ್ಚಿನ ತಂಡಗಳು ಅಪರಿಚಿತ ಕರೆ, ಮುಖವಾಡ, ಬೆನ್ನಟ್ಟುವಿಕೆ, ಕೊಲೆ ಎಲ್ಲವನ್ನೂ ಎರಡೇ ನಿಮಿಷದಲ್ಲಿ ತುಂಬಿಬಿಡುತ್ತವೆ. ಅಷ್ಟೆಲ್ಲ ನೋಡಿದವರ ಮನಸ್ಸಿನಲ್ಲಿ ಯಾವುದೂ ಉಳಿಯುವುದಿಲ್ಲ. ಆರಂಭವೆಂದರೆ ಒಂದೇ ಒಂದು ಪ್ರಶ್ನೆಯನ್ನು ಎತ್ತಿ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಎಂದು ನಾನು ನಂಬಿದ್ದೇನೆ. ಈ ಬರಹದಲ್ಲಿ ಹೇಳುವ ಪ್ರತಿಯೊಂದು ಕ್ರಮವೂ ಆ ಒಂದು ಪ್ರಶ್ನೆಯನ್ನು ಕಾಪಾಡುವುದಕ್ಕಾಗಿಯೇ ಇದೆ.

ಉದಾಹರಣೆಗೆ ಒಂದು ಸನ್ನಿವೇಶವನ್ನು ಇಟ್ಟುಕೊಳ್ಳೋಣ. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಜಗಲಿಯಿರುವ ಹೆಂಚಿನ ಮನೆ. ಸಂಜೆಯ ಹೊತ್ತು ಕಾಲೇಜು ಹುಡುಗಿಯೊಬ್ಬಳು ತನ್ನ ಟ್ಯೂಷನ್ ಮೇಡಂಗೆ ಪುಸ್ತಕವೊಂದನ್ನು ಹಿಂದಿರುಗಿಸಲು ಬರುತ್ತಾಳೆ. ಗೇಟಿನ ಚಿಲಕ ತೆಗೆದು ಒಳಗೆ ಬಂದರೆ ಜಗಲಿಯ ಮೇಲೆ ಎರಡು ದಿನದ ಪತ್ರಿಕೆಗಳು ರಬ್ಬರ್ ಬ್ಯಾಂಡ್ ಸಹ ಬಿಚ್ಚದೆ ಬಿದ್ದಿವೆ. ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟುಗಳಿದ್ದು, ಅವುಗಳಲ್ಲೊಂದು ಬಿಸಿಲಿಗೆ ಕೆಟ್ಟು ಉಬ್ಬಿಕೊಂಡಿದೆ. ಹೊಸ್ತಿಲ ಮುಂದಿನ ರಂಗೋಲಿ ಅರ್ಧ ಅಳಿಸಿಹೋಗಿದೆ. ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದೆ. ಒಳಗೆ ಕುಕ್ಕರ್ ಕೂಗುತ್ತದೆ.

ಯಾರೂ ಇಲ್ಲದ ಮನೆಯಲ್ಲಿ ಅಡುಗೆ ಮಾಡುತ್ತಿರುವವರು ಯಾರು ಎಂಬುದು ಇಲ್ಲಿನ ಪ್ರಶ್ನೆ. ಇದಕ್ಕೆ ಚಾಕು ಬೇಡ, ರಕ್ತ ಬೇಡ, ಓಡುವ ದೃಶ್ಯವೂ ಬೇಡ. ಒಂದು ಮನೆ, ಒಬ್ಬ ನಟಿ, ಒಂದು ಬೀಗ ಸಾಕು. ರಂಗೋಲಿಯನ್ನು ಆಗಷ್ಟೇ ಹಾಕಿದಂತೆ ತೋರಿಸಿದರೆ ಇನ್ನಷ್ಟು ವಿಚಿತ್ರವಾಗಿರುತ್ತದೆ ಎಂದು ತಂಡದಲ್ಲಿ ಯಾರಾದರೂ ಹೇಳಬಹುದು. ಆ ಆಲೋಚನೆ ಚೆನ್ನಾಗಿಯೇ ಇದೆ. ಆದರೆ ಅದು ಎರಡನೆಯ ಪ್ರಶ್ನೆಯಾಗಿ ಮೊದಲನೆಯದರ ಬಲವನ್ನು ಕಸಿದುಕೊಳ್ಳುವುದರಿಂದ ಅದನ್ನು ಬಿಡುವುದೇ ಒಳ್ಳೆಯದು.

ಯಾವುದನ್ನು ಮೊದಲು ತಿಳಿಸಬೇಕು

ಚಿತ್ರಕಥೆಯ ಹಂತದಲ್ಲಿ ಅತಿ ಹೆಚ್ಚು ಹೊತ್ತು ಚರ್ಚೆಯಾಗಬೇಕಾದದ್ದು ಮಾಹಿತಿಯ ಕ್ರಮ. ಮೇಲಿನ ಸನ್ನಿವೇಶದಲ್ಲಿ ಬೀಗ ಮತ್ತು ಕೂಗು ಎಂಬ ಎರಡು ಸಂಗತಿಗಳಿವೆ. ಅವುಗಳಲ್ಲಿ ಯಾವುದು ಮೊದಲು ಬರುತ್ತದೆ, ಯಾರಿಗೆ ಮೊದಲು ಗೊತ್ತಾಗುತ್ತದೆ ಎಂಬುದರ ಮೇಲೆ ದೃಶ್ಯದ ಸ್ವಭಾವವೇ ಬದಲಾಗುತ್ತದೆ. ಹುಡುಗಿಯೂ ನೋಡುಗರೂ ಮೊದಲು ಬೀಗವನ್ನು ಕಂಡು, ಮನೆಯಲ್ಲಿ ಯಾರೂ ಇಲ್ಲವೆಂದು ಅವಳು ಹಿಂದಿರುಗಲು ತಿರುಗಿದಾಗ ಕುಕ್ಕರ್ ಕೂಗಿದರೆ, ಅದು ಬೆಚ್ಚಿಬೀಳಿಸುವ ದೃಶ್ಯ. ಅದರ ಆಯುಸ್ಸು ಆ ಒಂದು ಕ್ಷಣದಷ್ಟೇ. ಮೊದಲು ಕೂಗು ಕೇಳಿಸಿ, ಮೇಡಂ ಒಳಗಿದ್ದಾರೆಂದು ಅವಳು ನಿರಾಳಳಾಗಿ, "ಮೇಡಂ, ಇದೀರಾ?" ಎಂದು ಕರೆಯುತ್ತಾ ಕೈಯನ್ನು ಬಾಗಿಲಿನತ್ತ ಚಾಚಿದಾಗ ಬೆರಳಿಗೆ ಬೀಗ ತಗುಲಿದರೆ, ಸಮಾಧಾನವೇ ಭಯವಾಗಿ ತಿರುಗುವ ದೃಶ್ಯವಾಗುತ್ತದೆ. ಮೂರನೆಯ ದಾರಿಯೂ ಉಂಟು: ಪತ್ರಿಕೆಗಳನ್ನು ಎತ್ತಿಡಲು ಅವಳು ಬಗ್ಗಿರುವಾಗ, ಅವಳ ಹಿಂದೆ ಮಸುಕಾಗಿ ಬೀಗವನ್ನು ನೋಡುಗರಿಗೆ ಮಾತ್ರ ತೋರಿಸುವುದು. ಆಮೇಲೆ ಕುಕ್ಕರ್ ಕೂಗಿದಾಗ ಅವಳು ಮುಗುಳ್ನಗುತ್ತಾಳೆ, ನೋಡುಗರು ಮಾತ್ರ ನಗಲಾರರು. ಅವಳು ಬೀಗವನ್ನು ಕಾಣುವವರೆಗಿನ ಪ್ರತಿ ಸೆಕೆಂಡೂ ಅವರಿಗೆ ಭಾರವಾಗುತ್ತದೆ.

ನನ್ನ ಆಯ್ಕೆ ಮೂರನೆಯದು. ಪಾತ್ರಕ್ಕೆ ತಿಳಿಯದ್ದು ನೋಡುಗರಿಗೆ ತಿಳಿದಾಗ ಎರಡು ನಿಮಿಷವೂ ದೀರ್ಘವೆನ್ನಿಸುತ್ತದೆ, ಮತ್ತು ಥ್ರಿಲ್ಲರ್ ಆರಂಭಕ್ಕೆ ಬೇಕಾದದ್ದು ಅದೇ. ಕೊನೆಯಲ್ಲಿ ಎರಡನೆಯ ಕೂಗು ಬರಲಿ. ಅದು ಮುಗಿಯುವ ಮುನ್ನವೇ, ಒಳಗೆ ಯಾರೋ ಗ್ಯಾಸ್ ಒಲೆಯನ್ನು ಟಕ್ ಎಂದು ಆರಿಸಿದ ಸದ್ದು ಬರಲಿ. ಅಲ್ಲಿಗೆ ತೆರೆ ಕಪ್ಪಾಗಿ ಚಿತ್ರದ ಹೆಸರು ಮೂಡಲಿ. ಒಲೆ ಆರಿಸಿದವರು ಯಾರೆಂದು ತೋರಿಸಬಾರದು.

ಕಥೆ ನಿರ್ಧಾರವಾದ ಮೇಲೆ ಶಾಟ್‌ಗಳ ಪಟ್ಟಿಯನ್ನು ಕಾಗದದ ಮೇಲೆ ಬರೆಯಿರಿ. ಎರಡು ನಿಮಿಷಕ್ಕೆ 25ರಿಂದ 35 ಶಾಟ್‌ಗಳು ಸಾಕಾಗುತ್ತವೆ. ಪ್ರತಿ ಶಾಟ್‌ನ ಎದುರು ಅದು ನೋಡುಗರಿಗೆ ಯಾವ ಹೊಸ ಸಂಗತಿಯನ್ನು ತಿಳಿಸುತ್ತದೆ ಎಂದು ಒಂದು ಸಾಲು ಬರೆದುಕೊಳ್ಳಿ. ಬರೆಯಲು ಏನೂ ಇಲ್ಲದ ಶಾಟ್ ಅನ್ನು ಚಿತ್ರೀಕರಿಸುವ ಅಗತ್ಯವೇ ಇಲ್ಲ. ಹುಡುಗಿ ಮತ್ತು ಬಾಗಿಲಿನ ನಡುವೆ ಒಂದು ಗೆರೆ ಎಳೆದಿದೆ ಎಂದು ಭಾವಿಸಿ, ಕ್ಯಾಮೆರಾವನ್ನು ಆ ಗೆರೆಯ ಒಂದೇ ಬದಿಯಲ್ಲಿ ಇಟ್ಟುಕೊಳ್ಳಬೇಕು. ಗೆರೆ ದಾಟಿದರೆ ಬಲಕ್ಕೆ ನೋಡುತ್ತಿದ್ದವಳು ಮುಂದಿನ ಶಾಟ್‌ನಲ್ಲಿ ಎಡಕ್ಕೆ ನೋಡುವಂತೆ ಕಾಣಿಸಿ, ಮನೆ ಯಾವ ದಿಕ್ಕಿನಲ್ಲಿದೆ ಎಂಬ ಗೊಂದಲ ಹುಟ್ಟುತ್ತದೆ.

ಸ್ಥಳ, ಅನುಮತಿ, ಸುರಕ್ಷತೆ

ಮೈಸೂರು, ಮಂಡ್ಯಗಳಲ್ಲಿ ಓದುವವರಿಗೆ ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಶ್ರೀರಂಗಪಟ್ಟಣದ ಕೋಟೆ, ಕೃಷ್ಣರಾಜಸಾಗರ ಎಲ್ಲವೂ ಕೈಗೆಟಕುವಂತಿರುವುದರಿಂದ ಅಲ್ಲಿಯೇ ಚಿತ್ರೀಕರಿಸುವ ಆಸೆಯಾಗುವುದು ಸಹಜ. ಆದರೆ ಸಂರಕ್ಷಿತ ಸ್ಮಾರಕಗಳಲ್ಲಿ, ರೈಲು ನಿಲ್ದಾಣದಲ್ಲಿ, ಅಣೆಕಟ್ಟೆಯ ಆಸುಪಾಸಿನಲ್ಲಿ ಲಿಖಿತ ಅನುಮತಿಯಿಲ್ಲದೆ ಕ್ಯಾಮೆರಾ ಇಡಬಾರದು. ಕುಕ್ಕರಹಳ್ಳಿ ಕೆರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿದ್ದರಿಂದ ಅಲ್ಲಿಯೂ ಕೇಳಿಕೊಂಡೇ ಹೋಗಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎಲ್ಲರೂ ಗುರುತಿಸುವ ಜಾಗ ತೆರೆಯ ಮೇಲೆ ಬಂದೊಡನೆ ನೋಡುಗರ ಗಮನ ಕಥೆಯಿಂದ ಜಾಗದತ್ತ ಹೊರಳುತ್ತದೆ. ತಂಡದಲ್ಲಿ ಯಾರದಾದರೂ ಅಜ್ಜಿಯ ಮನೆಯೋ, ಮಂಡ್ಯದ ಕಡೆಯವರಾದರೆ ಕಬ್ಬಿನ ಗದ್ದೆಯ ಅಂಚಿನ ಪಂಪ್‌ಸೆಟ್ ಮನೆಯೋ ಸಿಕ್ಕರೆ ಅದೇ ಸರಿಯಾದ ಲೊಕೇಶನ್. ಮನೆಯವರ ಒಪ್ಪಿಗೆ ಪಡೆದು, ಅಕ್ಕಪಕ್ಕದವರಿಗೆ ಒಂದು ದಿನ ಮೊದಲೇ ಹೇಳಿಡಿ. ದಾರಿಹೋಕರ ಮುಖ ಗುರುತು ಸಿಗುವಂತೆ ಬಂದರೆ ಅವರ ಒಪ್ಪಿಗೆಯನ್ನೂ ಕೇಳಿ. ಕಥೆಯಲ್ಲಿ ಚಾಕು ಅಥವಾ ಆಟಿಕೆ ಪಿಸ್ತೂಲು ಇದ್ದರೆ ಅದನ್ನು ಬೀದಿಯಲ್ಲಿ ಹೊರತೆಗೆಯಲೇಬಾರದು. ನೋಡಿದವರು ನಿಜವೆಂದು ನಂಬಿ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿದರೆ ಅದು ಅವರ ತಪ್ಪಲ್ಲ.

ವಿದ್ಯುತ್ ಮತ್ತು ಬೆಂಕಿಯ ವಿಷಯದಲ್ಲಿ ಮೈಸೂರಿನವರಿಗೆ ಹೆಚ್ಚು ಹೇಳಬೇಕಾಗಿಲ್ಲ. 1989ರ ಫೆಬ್ರವರಿ 8ರಂದು ಇಲ್ಲಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಹೊತ್ತಿಕೊಂಡ ಬೆಂಕಿಯಲ್ಲಿ 62 ಮಂದಿ ಪ್ರಾಣ ಕಳೆದುಕೊಂಡರು. ಸಣ್ಣ ತಂಡವಾದರೂ ಒಂದೇ ಪ್ಲಗ್ಗಿನಿಂದ ನಾಲ್ಕು ದೀಪಗಳಿಗೆ ವೈರ್ ಎಳೆಯುವುದು, ಪರದೆಯ ಪಕ್ಕದಲ್ಲಿ ಬಿಸಿ ದೀಪ ಇಡುವುದು, ಹೊಗೆಗಾಗಿ ಮುಚ್ಚಿದ ಕೋಣೆಯಲ್ಲಿ ಏನನ್ನಾದರೂ ಸುಡುವುದು ಇವುಗಳಿಗೆ ಅವಕಾಶ ಕೊಡಬಾರದು.

ಕ್ಯಾಮೆರಾ ಮತ್ತು ಬೆಳಕು

ಈ ಕೆಲಸಕ್ಕೆ ಮೊಬೈಲ್ ಫೋನ್ ಸಾಕು. ಆದರೆ ಫೋನ್ ತನ್ನಷ್ಟಕ್ಕೆ ತಾನೇ ನಿರ್ಧರಿಸುವುದನ್ನು ತಡೆಯಬೇಕು. ನಮ್ಮಲ್ಲಿ ವಿದ್ಯುತ್ ಪೂರೈಕೆ 50 ಹರ್ಟ್ಸ್‌ನದಾದ್ದರಿಂದ ಹಳೆಯ ಟ್ಯೂಬ್‌ಲೈಟು ಮತ್ತು ಕೆಲವು ಅಗ್ಗದ ಎಲ್‌ಇಡಿ ಬಲ್ಬುಗಳ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಫೋನ್‌ಗಳು ಸಾಮಾನ್ಯವಾಗಿ ಸೆಕೆಂಡಿಗೆ 30 ಫ್ರೇಮ್‌ಗಳಂತೆ (ಬಿಡಿ ಚಿತ್ರಗಳಂತೆ) ಚಿತ್ರೀಕರಿಸುವುದರಿಂದ ಎರಡಕ್ಕೂ ಹೊಂದಾಣಿಕೆಯಾಗದೆ, ಗೋಡೆಯ ಮೇಲೆ ಪಟ್ಟೆಗಳು ಹರಿದಾಡಿದಂತೆ ಕಾಣುತ್ತದೆ. ಸೆಕೆಂಡಿಗೆ 25 ಫ್ರೇಮ್, ಶಟರ್ ವೇಗ (ಪ್ರತಿ ಫ್ರೇಮ್ ಬೆಳಕನ್ನು ಪಡೆಯುವ ಅವಧಿ) 1/50 ಸೆಕೆಂಡ್ ಎಂದು ಇಟ್ಟರೆ ಈ ತೊಂದರೆ ತಪ್ಪುತ್ತದೆ. ಫೋನಿನ ಸ್ವಂತ ಕ್ಯಾಮೆರಾದಲ್ಲಿ ಈ ಹಿಡಿತ ಸಿಗದಿದ್ದರೆ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಅಥವಾ ಓಪನ್ ಕ್ಯಾಮೆರಾದಂತಹ ಉಚಿತ ಆ್ಯಪ್ ಹಾಕಿಕೊಳ್ಳಬಹುದು. ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಮೂರನ್ನೂ ಲಾಕ್ ಮಾಡಿಯೇ ರೆಕಾರ್ಡ್ ಒತ್ತಬೇಕು. ಇಲ್ಲದಿದ್ದರೆ ಹುಡುಗಿ ಕತ್ತಲೆಯ ಬಾಗಿಲಿನ ಕಡೆಗೆ ಸರಿದಂತೆ ಚಿತ್ರ ತಾನಾಗಿಯೇ ಬೆಳಗಿ, ಇಡೀ ದೃಶ್ಯದ ಕತ್ತಲೆ ಕರಗಿಹೋಗುತ್ತದೆ. ಟ್ರೈಪಾಡ್ ಇಲ್ಲದವರು ಅಕ್ಕಿ ತುಂಬಿದ ಸಣ್ಣ ಚೀಲದ ಮೇಲೆ ಫೋನನ್ನು ಒರಗಿಸಿದರೂ ಅಲುಗಾಟ ನಿಲ್ಲುತ್ತದೆ.

ಸಂಜೆಯ ನೀಲಿ ಬೆಳಕನ್ನು ನಂಬಿಕೊಳ್ಳುವವರು ಒಂದು ಮಾತನ್ನು ನೆನಪಿಡಬೇಕು. ಉತ್ತರದ ತಂಪು ದೇಶಗಳಲ್ಲಿ ಮುಸ್ಸಂಜೆ ಬಹಳ ಹೊತ್ತು ಇರುತ್ತದೆ. ಮೈಸೂರು ಸಮಭಾಜಕಕ್ಕೆ ಹತ್ತಿರವಿರುವುದರಿಂದ ಇಲ್ಲಿ ಸೂರ್ಯ ಮುಳುಗಿದ ಮೇಲೆ ಬಳಸಬಹುದಾದ ಬೆಳಕು 20ರಿಂದ 25 ನಿಮಿಷ ಮಾತ್ರ ಉಳಿಯುತ್ತದೆ. ಆದ್ದರಿಂದ ಆಕಾಶ ಕಾಣುವ ದೂರದ ಶಾಟ್‌ಗಳನ್ನು ಮಾತ್ರ ಆ ಅವಧಿಗೆ ಮೀಸಲಿಟ್ಟು, ಅದಕ್ಕೆ ಮೊದಲೇ ತಾಲೀಮು ಮುಗಿಸಿಕೊಂಡು ಸಿದ್ಧರಾಗಿರಬೇಕು. ಬೀಗ, ಬೆರಳು, ಪತ್ರಿಕೆ, ಹಾಲಿನ ಪ್ಯಾಕೆಟ್ಟುಗಳ ಕ್ಲೋಸ್‌ಅಪ್‌ಗಳನ್ನು ಜಗಲಿಗೆ ಕಪ್ಪು ಬಟ್ಟೆ ಕಟ್ಟಿ ಹಗಲಿನಲ್ಲಿಯೇ ತೆಗೆದುಕೊಳ್ಳಬಹುದು. ಮುಖಕ್ಕೆ ಬೆಳಕು ಸಾಲದಿದ್ದರೆ ನಮ್ಮ ಚಿತ್ರರಂಗದವರು ಬಳಸುವ ಥರ್ಮಾಕೋಲ್ ಹಾಳೆಯೇ ಒಳ್ಳೆಯ ಉಪಾಯ. ದೀಪವನ್ನು ನೇರವಾಗಿ ಮುಖಕ್ಕೆ ಬಿಡದೆ ಹಾಳೆಗೆ ಬಿಟ್ಟರೆ, ಅಲ್ಲಿಂದ ತಿರುಗಿ ಬೀಳುವ ಬೆಳಕು ಮೃದುವಾಗಿರುತ್ತದೆ.

ಕಂಟಿನ್ಯುಟಿಯ, ಅಂದರೆ ಒಂದು ಶಾಟ್‌ನಲ್ಲಿದ್ದುದು ಮುಂದಿನದರಲ್ಲೂ ಹಾಗೆಯೇ ಇರುವಂತೆ ನೋಡಿಕೊಳ್ಳುವ ಹೊಣೆಯನ್ನು ಒಬ್ಬರಿಗೆ ಮಾತ್ರ ವಹಿಸಿ. ಪ್ರತಿ ಶಾಟ್ ಮುಗಿದ ಮೇಲೆ ಪ್ಯಾಕೆಟ್ಟುಗಳು ಬಿದ್ದಿರುವ ರೀತಿ, ಪುಸ್ತಕ ಯಾವ ಕೈಯಲ್ಲಿತ್ತು, ಬ್ಯಾಗ್ ಯಾವ ಹೆಗಲಿನಲ್ಲಿತ್ತು ಎಂಬುದನ್ನು ಅವರು ಫೋಟೋ ತೆಗೆದಿಡಲಿ. ನಟಿಗೆ ಮಲ್ಲಿಗೆ ಮುಡಿಸುವುದಾದರೆ ಎರಡು ಮೊಳ ಹೂವನ್ನು ತಂದು ಒಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಮಧ್ಯಾಹ್ನ ಮೊಗ್ಗಾಗಿದ್ದ ಹೂವು ಸಂಜೆಯ ಶಾಟ್‌ನಲ್ಲಿ ಅರಳಿ ಬಾಡಿದ್ದರೆ, ಕಥೆಯಲ್ಲಿ ಒಂದೇ ನಿಮಿಷ ಕಳೆದಿದೆ ಎಂದು ಯಾರೂ ನಂಬುವುದಿಲ್ಲ.

ನಟಿಗೆ ಹೆದರಿದಂತೆ ಮುಖ ಮಾಡು ಎಂದು ಹೇಳಬೇಡಿ. ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಂತೆ, ಭಾವವಿಲ್ಲದ ಒಂದೇ ಮುಖವನ್ನು ಬೇರೆ ಬೇರೆ ಚಿತ್ರಗಳ ಪಕ್ಕದಲ್ಲಿಟ್ಟರೆ ನೋಡುವವರು ಆ ಮುಖದಲ್ಲಿ ಬೇರೆ ಬೇರೆ ಭಾವಗಳನ್ನು ಕಾಣುತ್ತಾರೆ. ಅವಳು ಸುಮ್ಮನೆ ಕಿವಿಗೊಟ್ಟು ಕೇಳಿಸಿಕೊಳ್ಳಲಿ. ಬೀಗದ ಶಾಟ್ ಪಕ್ಕಕ್ಕೆ ಬಂದಾಗ ಭಯ ತಾನಾಗಿ ಅವಳ ಮುಖಕ್ಕೆ ಬರುತ್ತದೆ.

ಶಬ್ದ

ವಿದ್ಯಾರ್ಥಿಗಳ ಚಿತ್ರಗಳು ಸೋಲುವುದು ಬಹುಪಾಲು ಶಬ್ದದಲ್ಲಿ. ಈ ಕಥೆಯಲ್ಲಂತೂ ಬೀಗದ ಹಿಂದಿರುವ ಮನುಷ್ಯ ಶಬ್ದವಾಗಿ ಮಾತ್ರ ಇದ್ದಾನೆ. ಚಿತ್ರೀಕರಣ ಶುರುವಾಗುವ ಮುನ್ನ ಫ್ಯಾನ್, ಫ್ರಿಜ್, ನೀರಿನ ಮೋಟಾರ್ ಎಲ್ಲವನ್ನೂ ಆರಿಸಿ, ಎಲ್ಲರ ಫೋನುಗಳನ್ನೂ ಏರೋಪ್ಲೇನ್ ಮೋಡ್‌ಗೆ ಹಾಕಿ. ಆರಿಸಿದ ಫ್ರಿಜ್ ಅನ್ನು ಮರೆತು ಹೊರಟುಬಿಡದಂತೆ ತಂಡದ ಬೈಕಿನ ಕೀಲಿಯನ್ನು ಅದರೊಳಗೇ ಇಡುವುದು ಒಳ್ಳೆಯ ಅಭ್ಯಾಸ. ಮಾತಿಗೆ ಇನ್ನೊಂದು ಫೋನನ್ನು ನಟಿಯ ಬ್ಯಾಗಿನ ಹೊರಜೇಬಿನಲ್ಲಿಟ್ಟು ರೆಕಾರ್ಡ್ ಮಾಡಿ, ಪ್ರತಿ ಟೇಕ್‌ನ ಆರಂಭದಲ್ಲಿ ಕ್ಯಾಮೆರಾದ ಮುಂದೆ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿದರೆ, ಎಡಿಟಿಂಗ್‌ನಲ್ಲಿ ಚಿತ್ರ ಮತ್ತು ಶಬ್ದವನ್ನು ಸರಿಯಾಗಿ ಕೂಡಿಸಬಹುದು.

ಕುಕ್ಕರಿನ ಕೂಗನ್ನು ಇಂಟರ್‌ನೆಟ್‌ನಿಂದ ತರಬೇಡಿ. ಒಳಗೆ ನಿಜವಾಗಿಯೇ ಬೇಳೆ ಬೇಯಲು ಇಟ್ಟು, ಬಾಗಿಲು ಮುಚ್ಚಿ, ಹುಡುಗಿ ನಿಂತಿರುವ ಜಾಗದಲ್ಲೇ ಫೋನ್ ಹಿಡಿದು ರೆಕಾರ್ಡ್ ಮಾಡಿ. ಮರದ ಬಾಗಿಲು ತೀಕ್ಷ್ಣ ಸ್ವರಗಳನ್ನು ಹೀರಿಕೊಂಡು ಕೂಗನ್ನು ಮಂದವಾಗಿಸುತ್ತದೆ. ಕೂಗಿಗೆ ಮುನ್ನ ಉಗಿ ಬುಸುಗುಟ್ಟುತ್ತಾ ತೂಕ ಅದುರುವ ಸಣ್ಣ ಸದ್ದು ಬರುತ್ತದಲ್ಲ, ಅದನ್ನು ಕಳೆದುಕೊಳ್ಳಬೇಡಿ; ಏನೋ ಬರಲಿದೆ ಎಂಬ ಸೂಚನೆಯನ್ನು ಕೊಡುವುದೇ ಆ ಸದ್ದು. ಒಲೆ ಆರಿಸುವ ಟಕ್ ಸದ್ದನ್ನು ಮಾತ್ರ ಅಡುಗೆಮನೆಯೊಳಗೆ ಹತ್ತಿರದಿಂದ ಪ್ರತ್ಯೇಕವಾಗಿ ಹಿಡಿಯಬೇಕು, ಹೊರಗಿನಿಂದ ಅದು ಕೇಳಿಸದು. ಗೇಟಿನ ಚಿಲಕ, ಚಪ್ಪಲಿ ಸರಿಸುವ ಸದ್ದು, ಬೀಗ ಕದವನ್ನು ಬಡಿಯುವ ಸದ್ದು ಇವುಗಳನ್ನೂ ಬೇರೆಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಕೊನೆಗೆ ಯಾರೂ ಅಲುಗಾಡದೆ ನಿಂತು, ಆ ಜಗಲಿಯ ಮೌನವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ. ದೂರದ ಆಟೋ, ಪಕ್ಕದ ಮನೆಯ ಟಿವಿ, ಕೋಗಿಲೆಯ ದನಿ ಎಲ್ಲವೂ ಬೆರೆತ ಆ ಮೌನವನ್ನು ಎಲ್ಲ ಶಾಟ್‌ಗಳ ಕೆಳಗೆ ಹಾಸಿದರೆ, ಬೇರೆಬೇರೆ ಹೊತ್ತಿನಲ್ಲಿ ತೆಗೆದ ತುಣುಕುಗಳು ಒಂದೇ ಸಂಜೆಯವಾಗಿ ಕೇಳಿಸುತ್ತವೆ.

ಎಡಿಟಿಂಗ್

ಆ ದಿನವೇ ಎಲ್ಲ ಫೈಲುಗಳನ್ನೂ ಎರಡು ಕಡೆ ಉಳಿಸಿಡಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ, ಶಾಟ್‌ಕಟ್, ಕೆಡೆನ್‌ಲೈವ್ ಎಂಬ ಎಡಿಟಿಂಗ್ ತಂತ್ರಾಂಶಗಳಲ್ಲಿ ನಿಮ್ಮ ಕಂಪ್ಯೂಟರ್ ತಾಳುವಂಥದ್ದು ಯಾವುದಾದರೂ ಆದೀತು. ತುಣುಕುಗಳನ್ನು ಸಾಲಾಗಿ ಜೋಡಿಸುವ ಟೈಮ್‌ಲೈನನ್ನು ಮೊದಲೇ ಸೆಕೆಂಡಿಗೆ 25 ಫ್ರೇಮ್‌ಗೆ ಹೊಂದಿಸಿಕೊಂಡು, ಸಂಗೀತವಿಲ್ಲದೆ ಒಂದು ಕರಡು ಜೋಡಣೆ ಮಾಡಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ. ಬೀಗವನ್ನು ಯಾವಾಗ ಗಮನಿಸಿದಿರಿ ಎಂದಷ್ಟೇ ಅವರನ್ನು ಕೇಳಿ. ಹುಡುಗಿ ಮುಟ್ಟುವವರೆಗೂ ಗಮನಿಸಲಿಲ್ಲ ಎಂದರೆ, ಹಿನ್ನೆಲೆಯಲ್ಲಿ ಬೀಗ ಕಾಣುವ ಶಾಟ್ ಚಿಕ್ಕದಾಗಿದೆ ಅಥವಾ ಅವಳ ತಲೆ ಅದನ್ನು ಮರೆಮಾಡಿದೆ ಎಂದರ್ಥ. ಅರ್ಧ ಸೆಕೆಂಡ್, ಅಂದರೆ ಸುಮಾರು 12 ಫ್ರೇಮ್ ಹೆಚ್ಚಿಸಿ ಮತ್ತೊಬ್ಬರಿಗೆ ತೋರಿಸಿ.

ಚಿತ್ರ ಮತ್ತು ಶಬ್ದವನ್ನು ಯಾವಾಗಲೂ ಒಂದೇ ಜಾಗದಲ್ಲಿ ಕತ್ತರಿಸುವುದು ಹೊಸಬರ ರೂಢಿ. ಉಗಿಯ ಬುಸುಗುಟ್ಟುವಿಕೆ ಪತ್ರಿಕೆಗಳ ಕ್ಲೋಸ್‌ಅಪ್ ಇರುವಾಗಲೇ ಶುರುವಾಗಲಿ, ಆಮೇಲೆ ಅವಳ ಮುಖ ಬರಲಿ. ಶಬ್ದವನ್ನು ಹೀಗೆ ಮುಂಚಿತವಾಗಿ ತರುವುದಕ್ಕೆ ಜೆ-ಕಟ್ ಎನ್ನುತ್ತಾರೆ. ಗೇಟು ತೆಗೆಯುವಾಗ ಕ್ಲೋಸ್‌ಅಪ್‌ನಿಂದ ದೂರದ ಶಾಟ್‌ಗೆ ಹೋಗುವುದಿದ್ದರೆ, ಕೈ ಚಲಿಸುತ್ತಿರುವ ನಡುವೆಯೇ ಕತ್ತರಿಸಿದರೆ ಜೋಡಣೆ ಕಣ್ಣಿಗೆ ಬೀಳುವುದಿಲ್ಲ. ಬೀಗ ಬೆರಳಿಗೆ ತಾಕಿದ ಮೇಲೆ ಮಾತ್ರ ಅವಸರ ಬೇಡ. ಅಲ್ಲಿ ಹೆಚ್ಚು ಕತ್ತರಿಸಿ ವೇಗ ತರಬೇಕೆಂದು ಅನ್ನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಆ ಶಾಟ್ ಇಡೀ ಚಿತ್ರದಲ್ಲೇ ದೀರ್ಘವಾಗಿರಬೇಕು: ಬೆರಳು, ಬೀಗ, ಅಲುಗಾಡದ ಕ್ಯಾಮೆರಾ, ಆಮೇಲೆ ಎರಡನೆಯ ಕೂಗು.

ಸಂಗೀತ ಚಿತ್ರದ ಹೆಸರಿನ ಜೊತೆಗೆ ಶುರುವಾದರೆ ಸಾಕು. ಅದಕ್ಕೆ ಮೊದಲೇ ಹಿನ್ನೆಲೆ ಸಂಗೀತ ಹರಡಿದರೆ ಕುಕ್ಕರಿನ ಸದ್ದಿಗೆ ಜಾಗವೇ ಇರುವುದಿಲ್ಲ. ಸಿನಿಮಾ ಹಾಡುಗಳ ತುಣುಕನ್ನು ಇಂತಿಷ್ಟು ಸೆಕೆಂಡಿನವರೆಗೆ ಬಳಸಬಹುದು ಎಂಬ ಮಾತು ವಿದ್ಯಾರ್ಥಿಗಳಲ್ಲಿ ಹರಡಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅಂಥ ಸೆಕೆಂಡುಗಳ ಲೆಕ್ಕ ಎಲ್ಲಿಯೂ ಇಲ್ಲ. ಯೂಟ್ಯೂಬ್ ಆಡಿಯೊ ಲೈಬ್ರರಿಯಿಂದಲೋ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಷರತ್ತುಗಳಿಗೆ ಒಳಪಟ್ಟು ಇತರರು ಬಳಸಲು ಹಕ್ಕುದಾರರೇ ಕೊಡುವ ಅನುಮತಿ) ಸಿಗುವ ಸಂಗೀತದಿಂದಲೋ ಆರಿಸಿಕೊಂಡು, ಷರತ್ತಿನಲ್ಲಿ ಹೇಳಿದ್ದರೆ ಸಂಯೋಜಕರ ಹೆಸರನ್ನು ಶೀರ್ಷಿಕೆಗಳಲ್ಲಿ ಕೊಡಿ. ಮಾತಿನ ಮಟ್ಟ ಎಡಿಟಿಂಗ್ ತಂತ್ರಾಂಶದ ಶಬ್ದದ ಮೀಟರಿನಲ್ಲಿ -12ರಿಂದ -6 ಡೆಸಿಬೆಲ್ ನಡುವೆ ಇರಲಿ, ಕೂಗು ಎಷ್ಟೇ ಜೋರಾದರೂ 0ಯನ್ನು ಮುಟ್ಟದಿರಲಿ.

ಕನ್ನಡದ ಶೀರ್ಷಿಕೆಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಲವು ಎಡಿಟಿಂಗ್ ತಂತ್ರಾಂಶಗಳು ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದೆ ಬಿಡಿಬಿಡಿಯಾಗಿ ತೋರಿಸುತ್ತವೆ. ನಿರ್ದೇಶನ ಎಂದು ಟೈಪಿಸಿದ್ದು ಅರ್ಕಾವತ್ತು ಕಳಚಿಕೊಂಡು ಬೇರೇನೋ ಆಗಿ ಕಾಣುತ್ತದೆ. ಹೀಗಾದರೆ ಇಂಕ್‌ಸ್ಕೇಪ್ ಎಂಬ ಚಿತ್ರರಚನೆಯ ತಂತ್ರಾಂಶದಲ್ಲಿ ನೋಟೊ ಸಾನ್ಸ್ ಕನ್ನಡದಂತಹ ಯೂನಿಕೋಡ್ ಫಾಂಟ್ ಬಳಸಿ ಹೆಸರುಗಳನ್ನು ಬರೆದು, ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಅದನ್ನು ಟೈಮ್‌ಲೈನ್‌ನ ಮೇಲಿಡಬೇಕು. ಪ್ರತಿ ಹೆಸರೂ ನಿಧಾನವಾಗಿ ಎರಡು ಸಲ ಓದಲು ಆಗುವಷ್ಟು ಹೊತ್ತು ತೆರೆಯ ಮೇಲಿರಲಿ. ಬೀಗ ಕಾಣುವ ಶಾಟ್‌ನ ಮೇಲೆ ಯಾವ ಹೆಸರನ್ನೂ ಹಾಕಬೇಡಿ, ಏಕೆಂದರೆ ಅಕ್ಷರ ಕಂಡಲ್ಲಿಗೆ ಕಣ್ಣು ಮೊದಲು ಹೋಗುತ್ತದೆ.

ಬಣ್ಣವನ್ನು ತಿದ್ದುವಾಗ ಲ್ಯಾಪ್‌ಟಾಪ್ ಪರದೆಯನ್ನು ನಂಬಬಾರದು. ತರಗತಿಯ ಪ್ರೊಜೆಕ್ಟರ್ ಕಪ್ಪನ್ನು ಕಪ್ಪಾಗಿ ತೋರಿಸಲಾರದು, ಕಿಟಕಿಯಿಂದ ಬರುವ ಬೆಳಕೂ ಅದರೊಂದಿಗೆ ಸೇರಿಕೊಳ್ಳುತ್ತದೆ; ರಾತ್ರಿ ನಿಮ್ಮ ಕೋಣೆಯಲ್ಲಿ ಚೆನ್ನಾಗಿ ಕಂಡ ಮಸುಕಾದ ಬೀಗ ಅಲ್ಲಿ ಸಂಪೂರ್ಣ ಮಾಯವಾಗಬಹುದು. 1080ಪಿ ಗಾತ್ರದಲ್ಲಿ, ಎಚ್.264 ರೂಪದಲ್ಲಿ ಒಂದು ಪ್ರತಿ ತೆಗೆದು, ಒಪ್ಪಿಸುವ ದಿನಕ್ಕೆ ಮೊದಲೇ ಅಧ್ಯಾಪಕರನ್ನು ಕೇಳಿಕೊಂಡು ಅದೇ ಕೋಣೆಯಲ್ಲಿ, ಅದೇ ಸ್ಪೀಕರಿನಲ್ಲಿ ಹಾಕಿ, ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ. ಬೀಗ ಕಾಣದಿದ್ದರೆ ಆ ಶಾಟ್‌ನ ನೆರಳುಗಳನ್ನು ಸ್ವಲ್ಪ ಎತ್ತಿ, ಒಲೆ ಆರಿಸಿದ ಟಕ್ ಕೇಳಿಸದಿದ್ದರೆ ಅದಕ್ಕೆ ಮುಂಚಿನ ಅರ್ಧ ಸೆಕೆಂಡಿನಲ್ಲಿ ಉಳಿದ ಎಲ್ಲ ಶಬ್ದಗಳನ್ನೂ ತಗ್ಗಿಸಿ, ಆಮೇಲೆ ಅಂತಿಮ ಪ್ರತಿಯನ್ನು ತೆಗೆಯಿರಿ.